ಠೇವಣಿ ಇಟ್ಟು ತೆಗೆದುಕೊಂಡ ಕಾರ್ಡ್

2020ರ ಲಾಕ್‌ಡೌನ್‌ನಲ್ಲಿ ಗದಗಿನ ನಮ್ಮ ಪ್ರೆಸ್‌ನಲ್ಲಿ ಒಂದು ಲಗ್ನಪತ್ರಿಕೆಯೂ ಅಚ್ಚಾಗಲಿಲ್ಲ. ಏಪ್ರಿಲ್, ಮೇ ಅಂದರೆ ನಮಗೆ ವರ್ಷದ ಅರ್ಧ ದುಡಿಮೆ. ರೇಷನ್, ಔಷಧಿ ಎಲ್ಲಾ ಕ್ರೆಡಿಟ್ ಕಾರ್ಡ್ ಮೇಲೆ ಹೋಯಿತು. ಮಿನಿಮಮ್ ಕಟ್ಟುತ್ತಾ ಹೋದೆ. ಉಳಿದದ್ದಕ್ಕೆ ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ, ವರ್ಷಕ್ಕೆ 42 ಆಯಿತಲ್ವಾ. ಮರುವರ್ಷ ಅದೂ ಕಟ್ಟಲಾಗದಿದ್ದಾಗ ವಸೂಲಿಯವರು, "62 ಸಾವಿರಕ್ಕ 35 ಕೊಡ್ರಿ, ಸೆಟಲ್ ಮಾಡೂಣು" ಅಂದರು. ಅಕ್ಕನ ಹತ್ತಿರ ಕೈಗಡ ತಂದು ಕೊಟ್ಟೆ.

2023ರಲ್ಲಿ ಕಟಿಂಗ್ ಮಷೀನ್‌ಗೆ ಸಾಲ ಕೇಳಲು ಹೋದಾಗ ಮ್ಯಾನೇಜರ್ ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. ಸಿಬಿಲ್, ಅಂದರೆ ಸಾಲ ಹೇಗೆ ತೀರಿಸಿದ್ದೇವೆ ಅಂತ ನೋಡಿ ಕೊಡುವ ಸ್ಕೋರ್, 584. ಹಳೆ ಕಾರ್ಡಿನ ಮುಂದೆ ‘ಸೆಟಲ್ಡ್’ ಅಂತ ಇತ್ತು. "ಇದು ಕ್ಲೋಸ್ಡ್ ಅಂತ ಇರಬೇಕಿತ್ರಿ. ಸೆಟಲ್ಡ್ ಅಂದ್ರ ಪೂರಾ ಕೊಟ್ಟಿಲ್ಲ ಅಂತ ಅರ್ಥ" ಅಂದರು. ದಿನಾ ಪ್ರೂಫ್ ನೋಡುವವನು ನಾನು. ಒಂದು ಪದ ಎಷ್ಟು ದುಡ್ಡಿನದು ಅಂತ ಅವತ್ತು ಗೊತ್ತಾಯಿತು.

ಆಮೇಲೆ ಗಡಿಬಿಡಿಯಲ್ಲಿ ಎರಡು ಕಾರ್ಡ್‌ಗೆ ಅರ್ಜಿ ಹಾಕಿದೆ. ಎರಡೂ ವಾಪಸ್. ಹಾಕಿದ ಪ್ರತಿ ಅರ್ಜಿಯೂ ಸಿಬಿಲ್ ವರದಿಯಲ್ಲಿ ದಾಖಲಾಗುತ್ತದೆ, ಸ್ಕೋರ್ ಇನ್ನಷ್ಟು ಇಳಿಯಬಹುದು. ದಯವಿಟ್ಟು ಸುಮ್ನೆ ಅರ್ಜಿ ಹಾಕುತ್ತಾ ಹೋಗಬೇಡಿ. ಮೊದಲು ನಿಮ್ಮ ವರದಿ ತೆಗೆದು ನೋಡಿ, ವರ್ಷಕ್ಕೊಮ್ಮೆ ಫ್ರೀ ಸಿಗುತ್ತದೆ.

ಕೊನೆಗೆ ತೆಗೆದುಕೊಂಡದ್ದು ಎಫ್‌ಡಿ ಮೇಲಿನ ಕಾರ್ಡ್. 20 ಸಾವಿರ ಠೇವಣಿ ಇಟ್ಟೆ, 16 ಸಾವಿರ ಲಿಮಿಟ್ ಕೊಟ್ಟರು. ಸಹಿ ಹಾಕುವ ಮುಂಚೆ ಕೌಂಟರ್‌ನಲ್ಲಿ ನಿಂತು ಕೇಳಿದೆ: ವರ್ಷದ ಫೀ ಇದೆಯಾ? ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದಾ? ನಾನು ಕಟ್ಟಿದ್ದು ಸಿಬಿಲ್‌ಗೆ ಹೋಗುತ್ತದಾ? ಫೀ ಇಲ್ಲ, ಉಳಿದೆರಡಕ್ಕೂ ಹೌದು ಅಂದ ಮೇಲೆಯೇ ಪೆನ್ನು ತೆಗೆದೆ. ಒಂದು ಮಾತು ನೆನಪಿಡಿ. ಬಿಲ್ ತಪ್ಪಿದರೆ ಬ್ಯಾಂಕ್ ಎಫ್‌ಡಿಯಿಂದ ಹಿಡಿದುಕೊಳ್ಳಬಹುದು, ಆದರೆ ತಡವಾದದ್ದು ವರದಿಗೆ ಹೋಗೇ ಹೋಗುತ್ತದೆ. ಠೇವಣಿ ಬ್ಯಾಂಕಿನ ದುಡ್ಡು ಕಾಯುತ್ತದೆ, ನಮ್ಮ ಸ್ಕೋರ್ ಕಾಯುವುದಿಲ್ಲ.

ಆ ಕಾರ್ಡಿನಲ್ಲಿ ಹೆಸ್ಕಾಂ ಬಿಲ್, ಬೈಕಿನ ಪೆಟ್ರೋಲ್, ಅಷ್ಟೇ. ಲಿಮಿಟ್‌ನ 30 ಪರ್ಸೆಂಟ್ ಒಳಗೇ ಇರಲಿ ಅಂತ 4,800 ದಾಟಿಸಲಿಲ್ಲ. ಪೂರ್ತಿ ಬಿಲ್ ತಾನಾಗಿಯೇ ಖಾತೆಯಿಂದ ಹೋಗುವ ಹಾಗೆ ಮಾಡಿಸಿದೆ.

ಆದರೂ ಆ ‘ಸೆಟಲ್ಡ್’ ಕಣ್ಣಿಗೆ ಚುಚ್ಚುತ್ತಲೇ ಇತ್ತು. ಹಳೆ ಬ್ಯಾಂಕಿಗೆ ಪತ್ರ ಬರೆದೆ. ಬಿಟ್ಟ 27 ಸಾವಿರವನ್ನು ಮೂರು ಕಂತಿನಲ್ಲಿ ಕಟ್ಟಿ, ಬಾಕಿ ಇಲ್ಲ ಅನ್ನುವ ಪತ್ರ ಕೈಯಲ್ಲೇ ಇಸಕೊಂಡೆ. ಆಮೇಲೆ ವರದಿಯಲ್ಲಿ ‘ಕ್ಲೋಸ್ಡ್’ ಅಂತ ಬಂತು. ಹೋದ ತಿಂಗಳು ನೋಡಿದಾಗ ಸ್ಕೋರ್ 731.

ಅದನ್ನು ಪ್ರಿಂಟ್ ತೆಗೆದು ಅಕ್ಕನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನ ಓದಿದಳು. ಅವಳ ಕೈಗಡದಲ್ಲಿ ಇನ್ನೂ 8 ಸಾವಿರ ಬಾಕಿ ಇದೆ. ಮಷೀನ್‌ಗೆ ಅರ್ಜಿ ಹಾಕುವ ಮುಂಚೆ ಅದನ್ನು ಮುಟ್ಟಿಸುತ್ತೇನೆ.