ಎರಚಲು ಬರುವ ಜಗಲಿಗೆ ಒಂದು ಫ್ಯಾನ್

ಸಂಜೆಯಾದರೆ ಅಮ್ಮ ಕೂರುವುದು ಹಿತ್ತಲ ಜಗಲಿಯಲ್ಲೇ. ಅಲ್ಲಿ ಗಾಳಿ ಆಡಲಿ ಅಂತ ಎರಡು ವರ್ಷದ ಹಿಂದೆ ಒಂದು ಫ್ಯಾನ್ ಹಾಕಿಸಿದ್ದೆ. ರೂಮಿನಿಂದ ಬಿಚ್ಚಿಟ್ಟಿದ್ದ ಮರದ ರೆಕ್ಕೆಯ ಫ್ಯಾನ್ ಅದು. ಮೇಲೆ ಚಾವಣಿ ಇದೆಯಲ್ಲ, ಏನೂ ಆಗಲ್ಲ ಅಂದುಕೊಂಡಿದ್ದೆ.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ರೆಕ್ಕೆಗಳ ತುದಿ ಕೆಳಕ್ಕೆ ಜೋತುಬಿದ್ದಿತ್ತು. ಅಂಚನ್ನು ಉಗುರಿನಿಂದ ಒತ್ತಿದರೆ ಪುಡಿ ಉದುರುತ್ತಿತ್ತು. ಹೊರಗೆ ಮರದ ಬಣ್ಣ, ಒಳಗೆ ಎಂಡಿಎಫ್. ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ. ತೇವ ಹೀರಿ ಊದಿಕೊಂಡಿತ್ತು. ಫ್ಯಾನ್ ಹಾಕಿದರೆ ಇಡೀ ರಾಡ್ ಅಲುಗಾಡುತ್ತಿತ್ತು. ಅದರ ಕೆಳಗೆ ಅಮ್ಮನನ್ನು ಕೂರಿಸಲು ಮನಸ್ಸು ಬರಲಿಲ್ಲ, ಅವತ್ತೇ ಇಳಿಸಿದೆ.

ಈ ಸಲ ಅಂಗಡಿಗೆ ಹೋಗುವ ಮೊದಲು ಖಾಲಿ ಕೊಕ್ಕೆಗೆ ದಾರ ಕಟ್ಟಿ, ರೆಕ್ಕೆ ತಿರುಗುವ ಎತ್ತರಕ್ಕೆ ಹಳೇ ನ್ಯೂಸ್‌ಪೇಪರ್ ಒಂದನ್ನು ನೇತುಹಾಕಿದೆ. ಗಾಳಿಮಳೆ ನಿಂತ ಮೇಲೆ ನೋಡಿದರೆ ಒಂದು ಬದಿ ಪೂರ್ತಿ ಒದ್ದೆ! ಎರಚಲು ಅಷ್ಟು ಒಳಗೆ ಬರುತ್ತದೆ ಅಂತ ಆಗ ಗೊತ್ತಾಯಿತು. ನನ್ನ ಮಟ್ಟಿಗೆ ಫ್ಯಾನ್ ಆಯ್ಕೆ ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲು ಇಷ್ಟೇ. ‘ಡ್ಯಾಂಪ್ ರೇಟೆಡ್’ ಫ್ಯಾನ್ ತೇವದ ಗಾಳಿಯನ್ನು ತಡೆದುಕೊಳ್ಳುತ್ತದೆ, ಆದರೆ ಮೇಲೆ ನೀರು ಬೀಳಬಾರದು. ‘ವೆಟ್ ರೇಟೆಡ್’ ಆದರೆ ಮಳೆಯೇ ಹೊಡೆದರೂ ಸರಿ. ಕೆಲವು ಡಬ್ಬಗಳ ಮೇಲೆ ಐಪಿ44, ಐಪಿ55 ಅಂತ ಇರುತ್ತದೆ, ಧೂಳು ಮತ್ತು ನೀರನ್ನು ಎಷ್ಟು ತಡೆಯುತ್ತದೆ ಅನ್ನುವ ಗುರುತು ಅದು. ಅದರಲ್ಲಿ ಎರಡನೇ ಅಂಕಿ ನೀರಿನದು. 4 ಅಂದರೆ ಯಾವ ಕಡೆಯಿಂದ ನೀರು ಸಿಡಿದರೂ ತಡೆಯುತ್ತದೆ, 5 ಅಂದರೆ ಪೈಪಿನಿಂದ ಚಿಮ್ಮುವ ನೀರನ್ನೂ ತಡೆಯುತ್ತದೆ. ನಾನು ವೆಟ್ ರೇಟೆಡ್ ತಗೊಂಡೆ. ರೆಕ್ಕೆ ಎಬಿಎಸ್ ಪ್ಲಾಸ್ಟಿಕ್, ಸ್ಕ್ರೂಗಳೆಲ್ಲ ಸ್ಟೇನ್‌ಲೆಸ್ ಸ್ಟೀಲ್. ಮರದಷ್ಟು ಚಂದ ಇಲ್ಲ, ನಿಜ. ಆದರೆ ಸೊಟ್ಟಗಾಗುವುದಿಲ್ಲ.

ಜಗಲಿ 14 ಅಡಿಗೆ 12 ಅಡಿ, ಹಾಗಾಗಿ 52 ಇಂಚಿನದು. ಹೊರಗಡೆ ಗಾಳಿಯನ್ನು ಹಿಡಿದಿಡಲು ಗೋಡೆ ಇಲ್ಲ ಅಲ್ವಾ, ತೀರಾ ಚಿಕ್ಕದು ಸಾಲುವುದಿಲ್ಲ. ನೆಲದಿಂದ ರೆಕ್ಕೆಗೆ ಕನಿಷ್ಠ 7 ಅಡಿ ಇರಲೇಬೇಕು, ನಮ್ಮಲ್ಲಿ 8 ಸಿಕ್ಕಿತು. ಮೋಟರ್ ಬಿಎಲ್‌ಡಿಸಿ, ಅಂದರೆ ಕರೆಂಟ್ ಉಳಿಸುವ ಬ್ರಷ್ ಇಲ್ಲದ ಮೋಟರ್. ಮಾಮೂಲಿ ಫ್ಯಾನಿನ ಅರ್ಧದಷ್ಟು ಕರೆಂಟೂ ಬೇಡ.

ಇನ್ನೊಂದು ಮಾತು. ಎಲೆಕ್ಟ್ರಿಷಿಯನ್ ಬಂದಾಗ ಪಕ್ಕದಲ್ಲೇ ನಿಂತು ನೋಡಿ. ಮೇಲಿನ ಕಪ್ ಚಾವಣಿಗೆ ಬಿಗಿಯಾಗಿ ಕೂರಬೇಕು, ಅದರೊಳಗೆ ವೈರಿನ ಜಾಯಿಂಟ್ ಇರುತ್ತದೆ. ಸ್ವಿಚ್ ಕೂಡ ಎರಚಲು ತಾಗದ ಕಡೆ ಇರಲಿ. ಫ್ಯಾನ್ ಎಷ್ಟು ಒಳ್ಳೆಯದಾದರೂ ಅಲ್ಲಿ ನೀರು ಇಳಿದರೆ ಅಪಾಯವೇ.

ಸೊಳ್ಳೆ ಕಾಟವೂ ಕಮ್ಮಿಯಾಗಿದೆ. ಸೊಳ್ಳೆ ಹಾರುವುದು ತುಂಬಾ ನಿಧಾನ, ಗಂಟೆಗೆ ಸುಮಾರು 2 ಕಿಲೋಮೀಟರ್ ಅಷ್ಟೇ. ಫ್ಯಾನ್ ಗಾಳಿಗೆ ಎದುರಾಗಿ ಬರಲು ಅದಕ್ಕೆ ಆಗುವುದಿಲ್ಲ. ಅಮ್ಮ ಮೂರನೇ ಸ್ಪೀಡ್‌ನಲ್ಲೇ ಇಡುತ್ತಾಳೆ. ಅದಕ್ಕಿಂತ ಜಾಸ್ತಿ ಮಾಡಿದರೆ ಪೇಪರ್ ಹಾಳೆ ಕೈಯಲ್ಲಿ ನಿಲ್ಲಲ್ಲವಂತೆ.