ಬೆಟ್ಟದೂರಿನಲ್ಲಿ ಅಜ್ಜಿಯ ಅಡಕತ್ತರಿ

ಅಮೆರಿಕದ ಸಿಯಾಟಲ್‌ನಲ್ಲಿರುವ ತಮ್ಮನ ಮನೆಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಒಂದು ಶನಿವಾರ ಬೆಳಿಗ್ಗೆ ಮೂವರೂ ಲೆವೆನ್‌ವರ್ತ್ ಅನ್ನುವ ಊರಿಗೆ ಹೊರಟೆವು. ಕಾರಿನಲ್ಲಿ ಎರಡು, ಎರಡೂವರೆ ಗಂಟೆ ದಾರಿ. ಮಧ್ಯೆ ಸ್ಟೀವನ್ಸ್ ಪಾಸ್ ಅಂತ ಒಂದು ಘಾಟಿ ಇದೆ, ಎತ್ತರ ನಾಲ್ಕು ಸಾವಿರ ಅಡಿಯಷ್ಟು. ಹತ್ತುವಾಗ ಜಿಟಿಜಿಟಿ ಮಳೆ. ಇಳಿಯುತ್ತಾ ಬಂದ ಹಾಗೆ ಮಳೆ ನಿಂತು ಬಿಸಿಲು ಬಂತು. ಶಿರಾಡಿ ಹತ್ತಿ ಸಕಲೇಶಪುರ ಕಳೆದು ಹಾಸನದ ಕಡೆ ಹೋದರೆ ಆಗುತ್ತದಲ್ಲ, ಥೇಟ್ ಹಾಗೇ.

ಊರು ಪುಟ್ಟದು. ಜನಸಂಖ್ಯೆ ಎರಡೂವರೆ ಸಾವಿರದ ಆಸುಪಾಸು. ಆದರೆ ಕಣ್ಣು ಹಾಯಿಸಿದಲ್ಲೆಲ್ಲ ಜರ್ಮನಿಯ ಬವೇರಿಯಾ: ಇಳಿಜಾರು ಮಾಡು, ಮರದ ಬಾಲ್ಕನಿ, ಅದರ ತುಂಬ ಹೂವಿನ ಕುಂಡ, ಗೋಡೆಯ ಮೇಲೆ ಚಿತ್ರ. ಬರ್ಗರ್ ಅಂಗಡಿಯ ಬೋರ್ಡ್ ಕೂಡ ಅದೇ ಹಳೆಯ ಶೈಲಿಯ ಅಕ್ಷರದಲ್ಲಿ.

"ಇವರೆಲ್ಲ ಜರ್ಮನಿಯಿಂದ ಬಂದವರಾ ಮಾರಾಯ?" ಅಂತ ಅಮ್ಮ ಕೇಳಿದರು.

ಅಲ್ಲ, ಅದೇ ವಿಶೇಷ. ಇದು ರೈಲು ಮತ್ತು ಮರದ ಮಿಲ್ಲಿನ ಊರಾಗಿತ್ತು. 1920ರ ದಶಕದಲ್ಲಿ ರೈಲ್ವೆಯವರು ಪಕ್ಕದ ವೆನಾಚಿಗೆ ಹೋದರು, ಮಿಲ್ಲೂ ಮುಚ್ಚಿತು, ಅಂಗಡಿಗಳು ಖಾಲಿಯಾದವು. 1960ರ ದಶಕದಲ್ಲಿ ಊರಿನವರೇ ಕೂತು ಯೋಚಿಸಿ, ಡೆನ್ಮಾರ್ಕ್ ಶೈಲಿಯಲ್ಲಿರುವ ಕ್ಯಾಲಿಫೋರ್ನಿಯಾದ ಸೋಲ್ವಾಂಗ್ ಊರನ್ನು ನೋಡಿಕೊಂಡು ಬಂದು, ಸ್ವಂತ ದುಡ್ಡು ಹಾಕಿ ಒಂದೊಂದೇ ಕಟ್ಟಡದ ಮುಖ ಬದಲಾಯಿಸಿದರು. ಇದು ಕೇಳಿ ನನಗೆ ಆ ಊರಿನ ಮೇಲೆ ತುಂಬಾ ಗೌರವ ಬಂತು.

ಹೊಟ್ಟೆಕಿಚ್ಚೂ ಆಯಿತು. ಜರ್ಮನ್ ಮಾತಾಡುವವರು ನಿಜಕ್ಕೂ ಬಂದು ನೆಲೆಸಿದ್ದು ನಮ್ಮಲ್ಲಿ ಅಲ್ವಾ? ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆ ಕೆಂಪು ಹಂಚಿನ ಮನೆಗಳನ್ನು ನಾವು ಒಂದೊಂದಾಗಿ ಕೆಡವಿ ಫ್ಲ್ಯಾಟ್ ಕಟ್ಟುತ್ತಿದ್ದೇವೆ. ನಮ್ಮ ಮನೆಯೂ ಹಾಗೇ ಹೋಯಿತು. ನನಗೆ ಇವತ್ತಿಗೂ ಅದು ನೋವು.

ಮಧ್ಯಾಹ್ನ ಪ್ರೆಟ್ಜೆಲ್ ಅನ್ನುವ ಜರ್ಮನ್ ಬ್ರೆಡ್ ತಿಂದೆವು. ಹೊರಗೆ ಗರಿ, ಒಳಗೆ ಮೆತ್ತಗೆ, ಜೊತೆಗೆ ಮೂಗಿಗೆ ಏರುವ ಸಾಸಿವೆ. ಅಮ್ಮ ಎರಡು ತಿಂದರು. ಸಸ್ಯಾಹಾರಿಗಳಿಗೆ ಬೇರೆ ಆಯ್ಕೆ ಕಡಿಮೆ, ಎಲ್ಲ ಕಡೆ ಸಾಸೇಜೇ. ವಾರಾಂತ್ಯದಲ್ಲಿ ಹೋಗುವವರು ಬೇಗ ಹೋಗಿ, ಪಾರ್ಕಿಂಗ್ ಸಿಗುವುದು ಕಷ್ಟ.

ಆಮೇಲೆ ನಟ್‌ಕ್ರ್ಯಾಕರ್ ಮ್ಯೂಸಿಯಂ. 1995ರಲ್ಲಿ ಶುರುವಾದದ್ದು. ಅಕ್ರೋಟಿನಂಥ ಗಟ್ಟಿ ಕಾಯಿ ಒಡೆಯುವ ಸಾಧನಗಳು ಸಾವಿರಾರು ಇವೆ. ಬಾಯಲ್ಲಿ ಕಾಯಿ ಇಟ್ಟು ಒಡೆಯುವ, ಬಾಯಿ ತೆರೆದ ಮರದ ಸಿಪಾಯಿಗಳು ಕಪಾಟಿನ ತುಂಬ ಸಾಲಾಗಿ ನಿಂತಿದ್ದರು. ಸುಮ್ನೆ ನೋಡುತ್ತಾ ಹೋಗುತ್ತಿದ್ದ ಅಮ್ಮ ಒಂದು ಗಾಜಿನ ಮುಂದೆ ನಿಂತುಬಿಟ್ಟರು. ಒಳಗೆ ಅಡಕತ್ತರಿ! ಅಮ್ಮ ಗಾಜಿಗೆ ಬೆರಳಿಟ್ಟು, "ನನ್ನ ಅಮ್ಮನದ್ದು ಇದೇ ನಮೂನೆ ಇತ್ತು. ಹಿಡಿಕೆ ಮಾತ್ರ ಸ್ವಲ್ಪ ಬೇರೆ" ಅಂದರು. ಹತ್ತು ನಿಮಿಷ ಅಲ್ಲಿಂದ ಕದಲಲಿಲ್ಲ.

ಮಂಗಳೂರಿಗೆ ವಾಪಸು ಬಂದ ಮೂರನೇ ದಿನ, ಹಳೆ ಮನೆಯಿಂದ ತಂದ ಕಬ್ಬಿಣದ ಪೆಟ್ಟಿಗೆಯನ್ನು ಮಂಚದ ಅಡಿಯಿಂದ ಎಳೆಸಿದರು. ಅಜ್ಜಿಯ ಅಡಕತ್ತರಿ ತಳದಲ್ಲಿತ್ತು, ಬಟ್ಟೆಯಲ್ಲಿ ಸುತ್ತಿ ಇಟ್ಟದ್ದು. ತೆಂಗಿನೆಣ್ಣೆ ಹಚ್ಚಿ ತುಕ್ಕು ಉಜ್ಜಿದರು. ಈಗ ಅದು ಅಮ್ಮನ ಎಲೆ ಅಡಿಕೆ ತಟ್ಟೆಯಲ್ಲಿದೆ.