ಮೂರೂ ಸೋಮವಾರ

ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ನಾನು ಹನ್ನೊಂದು ವರ್ಷ ಕಾರ್ಮಿಕ ಕಲ್ಯಾಣಾಧಿಕಾರಿಯಾಗಿದ್ದೆ. 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಇಂಥ ಅಧಿಕಾರಿ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 49ನೇ ಕಲಂ ಹೇಳುತ್ತಿತ್ತು. ನಮ್ಮಲ್ಲಿ ಸುಮಾರು 1,100 ಮಂದಿ ಇದ್ದರು. ಹೆಚ್ಚಿನವರು ಚನ್ನಪಟ್ಟಣ, ಮದ್ದೂರು ಕಡೆಯ ಹಳ್ಳಿಗಳಿಂದ ಕಂಪನಿಯ ಗಾಡಿಯಲ್ಲಿ ಬರುವ ಹೆಣ್ಣುಮಕ್ಕಳು. ಶಿಶುಪಾಲನಾ ಕೊಠಡಿ, ಇಎಸ್‌ಐ ಕಾಗದಪತ್ರ, ಕ್ಯಾಂಟೀನಿನ ದೂರು, ರಜೆಯ ತಕರಾರು ಇವುಗಳ ನಡುವೆ ದಿನ ಕಳೆಯುತ್ತಿದ್ದ ನನಗೆ ಕೆಲಸದ ಅತಿ ಕಷ್ಟದ ಪಾಠ ಸಿಕ್ಕಿದ್ದು 2017ರ ಆಗಸ್ಟ್ ತಿಂಗಳ ಒಂದು ಸೋಮವಾರ. ಆ ದಿನ ನಾನು ನಿಯಮಪುಸ್ತಕದಲ್ಲಿ ಇದ್ದುದನ್ನೆಲ್ಲ ಸರಿಯಾಗಿಯೇ ಮಾಡಿದ್ದೆ. ಅದರಿಂದ ಒಬ್ಬಳ ಬದುಕಿಗೆ ಪೆಟ್ಟು ಬಿತ್ತು.

ಬೆಳಿಗ್ಗೆ ಹತ್ತೂಮುಕ್ಕಾಲರ ಸುಮಾರಿಗೆ ತೋಳು ಕೂಡಿಸುವ ಲೈನಿನಿಂದ ಕೂಗು ಕೇಳಿಸಿತು. ಇಪ್ಪತ್ತಾರು ವರ್ಷದ ಟೈಲರ್ ಒಬ್ಬಳು ಯಂತ್ರದ ಪಕ್ಕದಲ್ಲಿ ಬಿದ್ದಿದ್ದಳು. ಕೈಕಾಲು ಸೆಟೆದು ಅದುರುತ್ತಿದ್ದವು, ಬಾಯಿಯಿಂದ ನೊರೆ ಬರುತ್ತಿತ್ತು. ನಾನು ಹೋಗುವಷ್ಟರಲ್ಲಿ ಆಕೆಯ ಮುಷ್ಟಿಯೊಳಕ್ಕೆ ಯಾರೋ ಬೀಗದ ಕೈಗೊಂಚಲು ತುರುಕಿದ್ದರು, ಮತ್ತೊಬ್ಬರು ಮೂಗಿನ ಹತ್ತಿರ ಚಪ್ಪಲಿ ಹಿಡಿದಿದ್ದರು, ಕ್ಯಾಂಟೀನಿನಿಂದ ಹೆಚ್ಚಿದ ಈರುಳ್ಳಿ ಬಂದಿತ್ತು, ಹಲ್ಲು ಕಚ್ಚಿಕೊಳ್ಳಬಾರದೆಂದು ಲೈನ್ ಸೂಪರ್‌ವೈಸರ್ ಸ್ಟೀಲ್ ಚಮಚದಿಂದ ದವಡೆ ಬಿಡಿಸುತ್ತಿದ್ದರು. ಯಾರಲ್ಲೂ ಕೆಟ್ಟ ಮನಸ್ಸಿರಲಿಲ್ಲ. ಆದರೆ ಆ ಚಮಚದಿಂದ ಆಕೆಯ ಮುಂದಿನ ಹಲ್ಲಿನ ಅಂಚು ಮುರಿಯಿತು, ಸುತ್ತ ಎಂಬತ್ತು ಜನ ನಿಂತಿದ್ದರು, ಮೇಲೆ ಸರಿದ ಸೀರೆಯನ್ನು ಸರಿಪಡಿಸಬೇಕೆಂದು ಒಬ್ಬರಿಗೂ ತೋಚಿರಲಿಲ್ಲ.

ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುತ್ತದೆ ಎಂಬ ನಂಬಿಕೆ ಇಷ್ಟು ಗಟ್ಟಿಯಾಗಿ ಉಳಿದುಕೊಂಡಿರುವುದು ಏಕೆಂದು ನಮ್ಮ ನರ್ಸ್ ನನಗೆ ಆಮೇಲೆ ವಿವರಿಸಿದರು. ಮಿದುಳಿನ ನರಕೋಶಗಳು ಒಮ್ಮೆಲೇ ಅತಿಯಾಗಿ ಪ್ರಚೋದನೆಗೊಂಡಾಗ ಬರುವ ಈ ಸೆಳೆತ ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಬೀಗದ ಕೈ ಹುಡುಕಿ ತರಲು ಹಿಡಿಯುವ ಕಾಲವೂ ಅಷ್ಟೇ, ಹಾಗಾಗಿ ನಿಲ್ಲಿಸಿದ ಕೀರ್ತಿ ಕಬ್ಬಿಣಕ್ಕೆ ಸಲ್ಲುತ್ತದೆ. ನಿಜವಾಗಿ ಮಾಡಬೇಕಾದುದು ಬಹಳ ಕಡಿಮೆ: ಸುತ್ತಲಿನ ಗಟ್ಟಿ, ಚೂಪಾದ ವಸ್ತುಗಳನ್ನು ದೂರ ಸರಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಅದುರುವಿಕೆ ನಿಲ್ಲುತ್ತಿದ್ದಂತೆ ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು, ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬಾರದು, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಅಥವಾ ಎಚ್ಚರವಾಗದೆ ಮತ್ತೊಮ್ಮೆ ಬಂದರೆ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಜನರನ್ನು ಅಲ್ಲಿಂದ ಕಳುಹಿಸುವುದನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಎಚ್ಚರವಾದಾಗ ಕಣ್ಣಿಗೆ ಮೊದಲು ಬೀಳುವುದು ಎಂಬತ್ತು ಮುಖಗಳಾದರೆ ಆ ನೋಟವನ್ನು ರೋಗಿ ಮರೆಯುವುದಿಲ್ಲ.

ಪ್ರಥಮ ಚಿಕಿತ್ಸಾ ಕೊಠಡಿಯಲ್ಲಿ ಅರ್ಧ ಗಂಟೆಯ ಮಂಪರಿನ ನಂತರ ಆಕೆ ಆಡಿದ ಮೊದಲ ಮಾತು, “ಮನೆಗೆ ಹೇಳ್ಬೇಡಿ ಮೇಡಂ.” ನಾನು ಅಷ್ಟರಲ್ಲಿ ಹೇಳಿಬಿಟ್ಟಿದ್ದೆ. ನೇಮಕಾತಿ ಅರ್ಜಿಯಲ್ಲಿದ್ದ ಗಂಡನ ಸಂಖ್ಯೆಗೆ ಕರೆ ಮಾಡಿದಾಗ ಫೋನ್ ಎತ್ತಿದವರು ಅತ್ತೆ. ಗಂಡ ಹೊಲದಲ್ಲಿದ್ದಾನೆ, ಏನು ವಿಷಯ ಎಂದು ಅವರು ಕೇಳಿದರು. ನಾನು ಒಂದು ಕ್ಷಣವೂ ಯೋಚಿಸದೆ “ಫಿಟ್ಸ್ ಬಂದಿದೆ, ಬೇಗ ಬನ್ನಿ” ಎಂದೆ. ಮಧ್ಯಾಹ್ನ ಅತ್ತೆ, ಮಗ ಇಬ್ಬರೂ ಬಂದರು. “ಇದು ಮೊದ್ಲಿಂದ್ಲೂ ಇತ್ತಾ?” ಎಂದು ಅತ್ತೆ ಕೇಳಿದ ಪ್ರಶ್ನೆಗೆ ಆಕೆ ಉತ್ತರಿಸಲಿಲ್ಲ, ತಲೆ ತಗ್ಗಿಸಿ ಕೂತಳು. ಆ ಪ್ರಶ್ನೆಯನ್ನು ಅತ್ತೆ ಕೇಳಿದ್ದು ನರ್ಸ್, ಸೂಪರ್‌ವೈಸರ್, ಗಾಡಿ ಚಾಲಕ ಎಲ್ಲರ ಎದುರಿಗೆ.

ಹದಿನೈದನೇ ವಯಸ್ಸಿನಿಂದ ಇದ್ದ ಮೂರ್ಛೆರೋಗವನ್ನು ತವರಿನವರು ಮದುವೆಗೆ ಮುಂಚೆ ಮುಚ್ಚಿಟ್ಟಿದ್ದರು. ಅವರನ್ನು ಸುಲಭವಾಗಿ ದೂರಲು ನನ್ನಿಂದಾಗುವುದಿಲ್ಲ, ಏಕೆಂದರೆ ಮುಚ್ಚಿಡುವುದನ್ನು ಕಲಿಸಿದ್ದು ಹಳ್ಳಿಯ ಮಾತು ಮಾತ್ರವಲ್ಲ, ಕಾನೂನು ಕೂಡ ಕಲಿಸಿತ್ತು. 1976ರ ತಿದ್ದುಪಡಿಯಿಂದಾಗಿ ಹಿಂದೂ ವಿವಾಹ ಕಾಯ್ದೆಯಲ್ಲಿ ಮರುಕಳಿಸುವ ಮೂರ್ಛೆರೋಗವನ್ನು ಬುದ್ಧಿಭ್ರಮಣೆಯ ಪಕ್ಕದಲ್ಲಿಟ್ಟು ಮದುವೆಗೆ ಅಡ್ಡಿಯೆಂದು ಬರೆಯಲಾಗಿತ್ತು. ಆ ಪದವನ್ನು ಕಿತ್ತುಹಾಕಿದ್ದು 1999ರಲ್ಲಿ. ಕಾನೂನಿನಿಂದ ಹೋದರೂ ‘ಮಲರೋಗದ ಹುಡುಗಿ’ ಎಂಬ ಮಾತು ಸಂಬಂಧ ಕೇಳಲು ಬಂದವರ ಬಾಯಿಂದ ಹೋಗಲಿಲ್ಲ. ನನ್ನ ಒಂದು ಕರೆಯ ನಂತರ ಆಕೆಯನ್ನು ಮೊದಲು ದೇವಸ್ಥಾನಕ್ಕೆ, ನಂತರ ತಾಯಿತ ಕಟ್ಟುವವರ ಬಳಿಗೆ, ಕೊನೆಗೆ ತವರಿಗೆ ಕಳುಹಿಸಿದರು. ಮೂರು ವರ್ಷದ ಮಗು ಅತ್ತೆಯ ಬಳಿ ಉಳಿಯಿತು. ಐದು ವಾರಗಳ ನಂತರ ಹಿರಿಯರ ಮಾತುಕತೆಯಾಗಿ ಆಕೆ ಗಂಡನ ಮನೆಗೂ ಕೆಲಸಕ್ಕೂ ಮರಳಿದಳು.

ಎರಡನೆಯ ತಪ್ಪು ಆಗ ನಡೆಯಿತು, ಅದರಲ್ಲಿಯೂ ನನ್ನ ಪಾಲಿದೆ. ಸೂಜಿಯ ಮುಂದೆ ಕೂರಿಸುವುದು ಅಪಾಯವೆಂದು ಕಾರ್ಖಾನೆಯ ವ್ಯವಸ್ಥಾಪಕರು ಆಕೆಯನ್ನು ದಾರ ಕತ್ತರಿಸುವ ಮೇಜಿಗೆ ಹಾಕಲು ಹೇಳಿದಾಗ ನಾನು ಒಪ್ಪಿ ಸಹಿ ಮಾಡಿದೆ. ಅದು ಕರುಣೆಯ ನಿರ್ಧಾರವೆಂದೇ ನಂಬಿದ್ದೆ. ದಾರ ಕತ್ತರಿಸುವುದು ಹೆಲ್ಪರ್ ದರ್ಜೆಯ ಕೆಲಸ. ಟೈಲರ್‌ಗಳಿಗೆ ಸಿಗುವ ಕೂಲಿ ಅಲ್ಲಿಲ್ಲ, ಆರು ವರ್ಷ ಕಲಿತ ಕೈಚಳಕಕ್ಕೆ ಅಲ್ಲಿ ಬೆಲೆಯಿಲ್ಲ, ದಿನವಿಡೀ ನಿಂತೇ ಇರಬೇಕು. ಜೊಲ್ಲು ಸೋಕಿದರೆ ಕಾಯಿಲೆ ಅಂಟುತ್ತದೆಂದು ಊಟದ ಹೊತ್ತಿನಲ್ಲಿ ಆಕೆಯ ಪಕ್ಕದ ಜಾಗ ಖಾಲಿಯಿರುತ್ತಿತ್ತು, ಹಿಂದೆ ಒಂದೇ ಡಬ್ಬಿಯಿಂದ ಉಪ್ಪಿನಕಾಯಿ ಹಂಚಿಕೊಳ್ಳುತ್ತಿದ್ದ ಗೆಳತಿಯರು ಬೇರೆ ಬೆಂಚಿಗೆ ಹೋಗಿದ್ದರು. ಮೂರ್ಛೆರೋಗ ಮುಟ್ಟಿದರೆ ಅಂಟುವ ಕಾಯಿಲೆಯೇ ಅಲ್ಲ. ಇದನ್ನು ಲೈನಿನಲ್ಲಿ ನಿಂತು ಹೇಳಬೇಕಿದ್ದವಳು ನಾನು, ಹೇಳಿರಲಿಲ್ಲ. ನಾವೇ ಆಕೆಯನ್ನು ಬೇರೆ ಮೇಜಿಗೆ ಸರಿಸಿದ್ದರಿಂದ ಜನರ ಅನುಮಾನಕ್ಕೆ ಆಡಳಿತದ ಮುದ್ರೆಯೂ ಬಿದ್ದಂತಾಗಿತ್ತು.

ವಾರ್ಷಿಕ ತಪಾಸಣೆಗೆಂದು ಪ್ರಥಮ ಚಿಕಿತ್ಸೆಯ ರಿಜಿಸ್ಟರ್ ತಿರುವಿಹಾಕುವಾಗ ಆಕೆಯ ಟೋಕನ್ ಸಂಖ್ಯೆ ಇನ್ನೆರಡು ಕಡೆ ಕಣ್ಣಿಗೆ ಬಿತ್ತು. ಫೆಬ್ರವರಿಯಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ. ಎರಡಕ್ಕೂ ‘ತಲೆಸುತ್ತು, ತಿಂಡಿ ತಿಂದಿಲ್ಲ’ ಎಂದು ಷರಾ ಬರೆದು ಸಕ್ಕರೆ ನೀರು ಕೊಟ್ಟು ಕಳುಹಿಸಲಾಗಿತ್ತು. ಕ್ಯಾಲೆಂಡರ್ ತೆಗೆದು ನೋಡಿದೆ. ಮೂರೂ ಸೋಮವಾರ.

ಆ ಸಂಜೆ ಬಾಗಿಲು ಹಾಕಿ, ನರ್ಸ್ ಒಬ್ಬರನ್ನೇ ಜೊತೆಗಿಟ್ಟುಕೊಂಡು, ಬೈಯುವುದಕ್ಕಲ್ಲ ಎಂದು ಮೊದಲೇ ಹೇಳಿ ಕೇಳಿದೆ. ಮದುವೆಯಾದಂದಿನಿಂದ ಆಕೆ ಮಾತ್ರೆಗಳನ್ನು ಮನೆಯಲ್ಲಿ ಇಟ್ಟಿರಲೇ ಇಲ್ಲ. ಕಾರ್ಬಮಜಪಿನ್ ಮಾತ್ರೆಗಳ ಪಟ್ಟಿ ಕಾರ್ಖಾನೆಯ ಲಾಕರಿನಲ್ಲಿ, ಹಳೆಯ ಕರವಸ್ತ್ರದೊಳಗೆ ಇರುತ್ತಿತ್ತು. ಬೆಳಿಗ್ಗೆ ಬಂದೊಡನೆ ಒಂದು, ಸಂಜೆ ಗಾಡಿ ಹತ್ತುವ ಮುಂಚೆ ಶೌಚಾಲಯದಲ್ಲಿ ಇನ್ನೊಂದು. ಭಾನುವಾರ ಕಾರ್ಖಾನೆಗೆ ರಜೆ, ಮಾತ್ರೆಗೂ ರಜೆ. ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ ಔಷಧಿಯಿಲ್ಲದ ಮೈ, ಅದರ ಮೇಲೆ ಭಾನುವಾರದ ಬಟ್ಟೆ, ಹೊಲ, ನೆಂಟರು, ನಿದ್ದೆಗೇಡು. ನಿದ್ದೆ ಕೆಡುವುದೂ ಮಾತ್ರೆ ತಪ್ಪುವುದೂ ಸೆಳೆತವನ್ನು ಮರಳಿ ಕರೆಯುವ ಎರಡು ದೊಡ್ಡ ಕಾರಣಗಳು. ಇಎಸ್‌ಐ ಚಿಕಿತ್ಸಾಲಯಕ್ಕೂ ಆಕೆ ಹೋಗಿರಲಿಲ್ಲ. ಚೀಟಿ ಗಂಡನ ಕಣ್ಣಿಗೆ ಬಿದ್ದರೆ ಎಂಬ ಹೆದರಿಕೆ. ಮದುವೆಗೆ ಮುಂಚಿನ ಚೀಟಿಯನ್ನೇ ತೋರಿಸಿ ಔಷಧಿ ಅಂಗಡಿಯಲ್ಲಿ ತನ್ನ ಕೂಲಿಯ ದುಡ್ಡಿನಿಂದ ಕೊಳ್ಳುತ್ತಿದ್ದಳು.

“ಫಿಟ್ಸ್ ಬರೋದು ವರ್ಷಕ್ಕೆ ಎರಡೋ ಮೂರೋ ಸಲ ಮೇಡಂ. ಬರುತ್ತೇನೋ ಅನ್ನೋದು ದಿನಾ ಬರುತ್ತೆ” ಎಂದಳು. ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುವುದಿಲ್ಲ, ಮದುವೆ ಮನೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವುದಿಲ್ಲ, ಒಲೆಯ ಮುಂದೆ ಒಬ್ಬಳೇ ಇರಬೇಕಾದರೆ ಏನಾದರೂ ನೆಪ ಹುಡುಕುತ್ತಾಳೆ. ಕಾರಣ ಹೇಳಲಾಗದ್ದರಿಂದ ಸೋಮಾರಿ ಎಂಬ ಹೆಸರು ಬಂದಿದೆ, ಆ ಹೆಸರೇ ವಾಸಿ ಎಂದು ಸುಮ್ಮನಿದ್ದಾಳೆ. ರಾತ್ರಿ ನಿದ್ದೆ ಬರುವುದಿಲ್ಲ, ಊಟ ರುಚಿಸುವುದಿಲ್ಲ, ತಾನಿಲ್ಲದಿದ್ದರೆ ಮಗುವಿಗಾದರೂ ಒಳ್ಳೆಯದಾಗುತ್ತಿತ್ತೇನೋ ಎಂದು ಎರಡು ಸಲ ಅನ್ನಿಸಿದೆ ಎಂದಾಗ ನರ್ಸ್ ಆಕೆಯ ಕೈ ಹಿಡಿದುಕೊಂಡರು. ಅದನ್ನು ಕೇಳಿದ ಮೇಲೆ ನಾವು ಮಾತಿನಲ್ಲಿ ಬಿಡಲಿಲ್ಲ. ಅದೇ ವಾರ ಆಕೆಯೊಡನೆ ನರರೋಗ ತಜ್ಞರ ಬಳಿಗೆ ಹೋದೆವು, ಅವರು ಮನೋವೈದ್ಯರ ಬಳಿಗೂ ಕಳುಹಿಸಿದರು. ಮೂರ್ಛೆರೋಗ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಹೆಚ್ಚು, ಅದಕ್ಕೂ ಬೇರೆಯಾಗಿ ಚಿಕಿತ್ಸೆ ಬೇಕು ಎಂಬುದನ್ನು ನಾನು ಮೊದಲ ಬಾರಿಗೆ ಅಲ್ಲಿ ಕೇಳಿದೆ.

ಅಂದೇ ತಿಳಿದ ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಲ ಕಾಡಿತು. ಸೆಳೆತ ಬರುವ ಅರ್ಧ ನಿಮಿಷ ಮುಂಚೆ ಆಕೆಗೆ ಸೂಚನೆ ಸಿಗುತ್ತಿತ್ತು: ಹೊಟ್ಟೆಯೊಳಗಿಂದ ಏನೋ ಗಂಟಲಿಗೆ ಏರಿ ಬಂದಂತೆ. ಯಂತ್ರ ಬಿಟ್ಟೆದ್ದು ನೆಲದ ಮೇಲೆ ಮಲಗಲು ಅಷ್ಟು ಕಾಲ ಸಾಕು. ಹಾಗಾದರೆ ಏಕೆ ಏಳಲಿಲ್ಲ ಎಂದು ಕೇಳಿದೆ. ಗಂಟೆಯ ಟಾರ್ಗೆಟ್ ಮುಗಿಯದೆ ಎದ್ದರೆ ಸೂಪರ್‌ವೈಸರ್ ಕೂಗುತ್ತಾರೆ ಎಂದಳು. ಸೂಜಿಯ ಅಪಾಯವೆಂದು ಆಕೆಯ ಕೆಲಸವನ್ನೇ ಕಿತ್ತುಕೊಂಡಿದ್ದ ನಮಗೆ, ಕೇಳದೆ ಎದ್ದುಹೋಗುವ ಅನುಮತಿಯೊಂದನ್ನು ಕೊಟ್ಟಿದ್ದರೆ ಆ ಅಪಾಯದ ಬಹುಭಾಗ ಕಳೆಯುತ್ತಿತ್ತು ಎಂಬುದು ಹೊಳೆದಿರಲಿಲ್ಲ.

ವೈದ್ಯರ ಲಿಖಿತ ಅಭಿಪ್ರಾಯ ಪಡೆದು ಆಕೆಯನ್ನು ಯಂತ್ರಕ್ಕೆ ಮರಳಿಸಲು ಎರಡು ತಿಂಗಳು ಹಿಡಿಯಿತು. ಬ್ಯಾಂಡ್ ಕತ್ತಿಯ ವಿಭಾಗ, ಹಬೆಯ ಇಸ್ತ್ರಿ, ಏಣಿ ಹತ್ತುವ ಕೆಲಸ ಬೇಡ; ಬೆರಳಿನ ರಕ್ಷಾಕವಚವಿರುವ ಹೊಲಿಗೆ ಯಂತ್ರ ಆಗಬಹುದು; ರಾತ್ರಿ ಓವರ್‌ಟೈಮ್ ಬೇಡ. ಮನೆಯವರನ್ನು ಕೂರಿಸಿಕೊಂಡು ವೈದ್ಯರೇ ಮಾತನಾಡಿದರು. ತಾಯಿತ ಬಿಚ್ಚಿರೆಂದು ಅವರು ಹೇಳಲಿಲ್ಲ. ತಾಯಿತವೂ ಇರಲಿ, ಮಾತ್ರೆಯೂ ಒಂದು ದಿನ ತಪ್ಪದಿರಲಿ ಎಂದರು. ಅತ್ತೆಗೆ ಒಪ್ಪಿಕೊಳ್ಳಲು ದಾರಿ ಸಿಕ್ಕಿದ್ದು ಆ ಮಾತಿನಿಂದಲೇ ಎಂದು ನನಗನ್ನಿಸುತ್ತದೆ. ಸರಿಯಾದ ಔಷಧಿಯನ್ನು ಬಿಡದೆ ತೆಗೆದುಕೊಂಡರೆ ಹತ್ತರಲ್ಲಿ ಏಳು ಮಂದಿ ಸೆಳೆತವಿಲ್ಲದೆ ಬದುಕಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆಕೆ ಆ ಏಳರಲ್ಲಿ ಸೇರಿದಳು.

ಆಕೆಯ ಒಪ್ಪಿಗೆ ಪಡೆದು, ಹೆಸರೆತ್ತದೆ, ಊಟದ ವಿರಾಮಗಳಲ್ಲಿ ಎಲ್ಲ ಲೈನುಗಳಿಗೂ ಮೂರ್ಛೆಯ ಬಗ್ಗೆ ತಿಳಿಸಿದೆವು. ಮುಂದಿನ ಎರಡು ವಾರಗಳಲ್ಲಿ ನಾಲ್ವರು ಒಬ್ಬೊಬ್ಬರಾಗಿ, ಬೇರೆ ಯಾರೂ ಇಲ್ಲದ ಹೊತ್ತು ನೋಡಿ, ನನ್ನ ಕೊಠಡಿಗೆ ಬಂದರು. ಒಬ್ಬಾಕೆಗೆ ತಲೆಗೆ ಸ್ನಾನ ಮಾಡುವಾಗ ಮಾತ್ರ ಮೈಮರೆವು ಬರುತ್ತಿತ್ತು. ಹಂಡೆಯ ಸುಡುನೀರನ್ನು ತಂಬಿಗೆಯಿಂದ ಬಿಡದೆ ತಲೆಗೆ ಸುರಿದುಕೊಳ್ಳುವ ನಮ್ಮ ಸೀಮೆಯಲ್ಲಿ ಇದು ಅಪರೂಪವಲ್ಲ. ಬಿಸಿನೀರಿನ ಮೂರ್ಛೆ ಎಂದೇ ಹೆಸರಿರುವ ಈ ಬಗೆಯನ್ನು ವೈದ್ಯರು ಹೆಚ್ಚಾಗಿ ದಾಖಲಿಸಿರುವುದು ದಕ್ಷಿಣ ಕರ್ನಾಟಕದಲ್ಲೇ, ಯಳಂದೂರಿನ ಸಮೀಕ್ಷೆಯೂ ಅದರಲ್ಲಿ ಸೇರಿದೆ. ದೆವ್ವ ಹಿಡಿದಿದೆ ಎಂದು ಹನ್ನೆರಡು ವರ್ಷ ನಂಬಿದ್ದ ಆಕೆಗೆ ವೈದ್ಯರು ಮೊದಲು ಹೇಳಿದ್ದು ತಲೆಗೆ ಉಗುರುಬೆಚ್ಚಗಿನ ನೀರು ಸಾಕು ಎಂದು. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ ಒಂದು ಲಕ್ಷಕ್ಕೂ ಹೆಚ್ಚು ಜನರಲ್ಲಿ ನಿಮ್ಹಾನ್ಸ್ ತಜ್ಞರು ನಡೆಸಿದ ಸಮೀಕ್ಷೆಯಲ್ಲಿ ಸಾವಿರಕ್ಕೆ 8.8 ಮಂದಿಗೆ ಮೂರ್ಛೆರೋಗ ಕಂಡುಬಂದಿತ್ತು, ಹಳ್ಳಿಗಳಲ್ಲಿ ನಗರದ ಎರಡರಷ್ಟು. ಆ ಲೆಕ್ಕವನ್ನು ನಮ್ಮ 1,100 ಮಂದಿಗೆ ನೇರವಾಗಿ ಅನ್ವಯಿಸುವುದು ಸರಿಯಲ್ಲದಿದ್ದರೂ, ಕೊಠಡಿಗೆ ಬಂದ ನಾಲ್ವರಾಚೆ ಇನ್ನೆಷ್ಟು ಲಾಕರುಗಳಲ್ಲಿ ಕರವಸ್ತ್ರದ ಗಂಟುಗಳಿವೆಯೋ ಎಂದು ಸಂಜೆ ಆ ಸಾಲನ್ನು ದಾಟುವಾಗಲೆಲ್ಲ ಯೋಚಿಸುತ್ತಿದ್ದೆ.

ನೇಮಕಾತಿ ಅರ್ಜಿಯ ‘ತುರ್ತು ಸಂಪರ್ಕ’ದ ಸಾಲನ್ನು ಆ ವರ್ಷವೇ ತೆಗೆಸಿದೆ. ಅದರ ಬದಲು ಪ್ರತಿಯೊಬ್ಬರೂ ತಾವೇ ಬರೆದು ಅಂಟಿಸಿ ಕೊಡುವ ಲಕೋಟೆ ಬಂತು: ನನಗೆ ಹುಷಾರು ತಪ್ಪಿದರೆ ಯಾರಿಗೆ ಹೇಳಬೇಕು, ಏನನ್ನು ಹೇಳಬಹುದು, ಏನನ್ನು ಹೇಳಬಾರದು. ಲಕೋಟೆಗಳು ನರ್ಸ್ ಬಳಿಯ ಬೀರುವಿನಲ್ಲಿರುತ್ತವೆ, ಅಗತ್ಯ ಬಿದ್ದಾಗ ಮಾತ್ರ ಒಡೆಯುತ್ತಾರೆ. ಆಕೆ ಮೊದಲ ಬಾರಿ ಬರೆದಿದ್ದು ಪಕ್ಕದ ಯಂತ್ರದ ಗೆಳತಿಯ ಹೆಸರನ್ನು, ಅದರ ಕೆಳಗೆ ತವರಿನ ಅಣ್ಣನ ಸಂಖ್ಯೆಯನ್ನು. 2019ರಲ್ಲಿ ಲಕೋಟೆಗಳನ್ನು ಹೊಸದಾಗಿ ಬರೆಸುವಾಗ ಗಂಡನ ಸಂಖ್ಯೆಯನ್ನೂ ಸೇರಿಸಿದಳು. ಅಂಟಿಸುವ ಮುಂಚೆ ನನ್ನ ಕಡೆಗೆ ತಿರುಗಿಸಿ ತೋರಿಸಿದಳು. ಸಂಖ್ಯೆಯ ಪಕ್ಕದಲ್ಲಿ ‘ಅವರೇ ಎತ್ತಿದರೆ ಮಾತ್ರ ಹೇಳಿ’ ಎಂದು ಬರೆದಿತ್ತು.